ಒಂದೇ ಡಿಸ್ಕ್ ನಂಬಬೇಡ ಕಣೋ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಖುಷಿಯಿಂದ ಹೇಳಿದ ಮಾತು ಕೇಳಿ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. "ಸ್ಟುಡಿಯೋದಿಂದ ಒಂಬತ್ತು ವರ್ಷ ತೆಗೆದ ಊರವರ ಮದುವೆ ಫೋಟೋ ಎಲ್ಲಾ ಹೊಸ ಹಾರ್ಡ್ ಡಿಸ್ಕಿಗೆ ಹಾಕಿ ಕಂಪ್ಯೂಟರ್ ಖಾಲಿ ಮಾಡಿದೆ, ಇನ್ನು ಚಿಂತೆಯಿಲ್ಲ" ಅಂದೆಯಲ್ಲ. ಮಾರಾಯ, ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಪ್ರತಿ. ಜಾಗ ಬದಲಾಗಿದೆ ಅಷ್ಟೇ, ಅಲ್ವಾ?

ನಾನೂ ಹೀಗೇ ಮಾಡಿದ್ದೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಅಜ್ಜಿಯ ಸೋಬಾನೆ, ಬೀಸುವ ಪದ ಎಲ್ಲಾ ರೆಕಾರ್ಡ್ ಮಾಡಿಕೊಂಡಿದ್ದೆ. ಎಲ್ಲವೂ ಇದ್ದದ್ದು ಒಂದೇ ಡಿಸ್ಕಿನಲ್ಲಿ. ಒಂದು ಸಂಜೆ ಕೇಬಲ್ ಕಾಲಿಗೆ ಸಿಕ್ಕಿ, ಓಡುತ್ತಿದ್ದ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಎತ್ತಿ ಜೋಡಿಸಿದರೆ ಟಿಕ್, ಟಿಕ್, ಟಿಕ್. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಒಳಗೆ ಏನಾಗಿತ್ತು ಅಂತ ಆಮೇಲೆ ತಿಳಿಯಿತು. ಅದರಲ್ಲಿ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತವೆ. ಓದುವ ಹೆಡ್ ತಟ್ಟೆಯನ್ನು ಮುಟ್ಟದೆ ಮೇಲೆ ತೇಲುತ್ತಿರುತ್ತದೆ. ನಡುವಿನ ಜಾಗ ಕೆಲವೇ ನ್ಯಾನೋಮೀಟರ್. ನಮ್ಮ ತಲೆಕೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಏಟು ಬಿದ್ದರೆ ಹೆಡ್ ತಟ್ಟೆಯನ್ನೇ ಕೆರೆಯುತ್ತದೆ. ಕೆರೆದು ಪುಡಿಯಾದದ್ದನ್ನು ಯಾರೂ ವಾಪಸ್ ತರಲಾರರು. ಅದು ಗೊತ್ತಿಲ್ಲದೆ ನಾನು ಹತ್ತು ಹದಿನೈದು ಸಲ ಜೋಡಿಸಿ ನೋಡಿದೆ. ಬೆಂಗಳೂರಿನ ರಿಕವರಿ ಅಂಗಡಿಯವರು ಬಿಚ್ಚಿ ನೋಡಿ, "ಸದ್ದು ಕೇಳಿದ ಕೂಡಲೇ ಆಫ್ ಮಾಡಿ ತಂದಿದ್ದರೆ ಸ್ವಲ್ಪವಾದರೂ ಸಿಗುತ್ತಿತ್ತೇನೋ" ಅಂದರು. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಐದು ತಿಂಗಳಾಗಿತ್ತು.

ನಿನ್ನ ಡಿಸ್ಕಿನಲ್ಲಿರುವುದು ಊರಿನವರದ್ದು. ಧಾರೆಯ ಫೋಟೋದಲ್ಲಿ ನಗುತ್ತಿರುವ ಎಷ್ಟೋ ಹಿರಿಯರು ಈಗಿಲ್ಲ. ಅವರ ಮಕ್ಕಳು ನಾಳೆ ನಿನ್ನ ಸ್ಟುಡಿಯೋಗೆ ಬಂದು "ಅಪ್ಪನದ್ದು ಒಂದು ಒಳ್ಳೆ ಫೋಟೋ ಇದೆಯಾ" ಅಂತ ಕೇಳಬಹುದು.

ಎಸ್‌ಎಸ್‌ಡಿ ತಗೊಂಡರೆ ಸಾಕಲ್ವಾ ಅಂತ ನೀನು ಕೇಳಿದ್ದೆ. ಅದು ಫೈಲುಗಳನ್ನು ಚಿಪ್‌ಗಳಲ್ಲಿ ಇಡುವ ಡಿಸ್ಕ್. ಅದರಲ್ಲಿ ತಿರುಗುವ ಭಾಗ ಇಲ್ಲ, ಬಿದ್ದರೂ ಬೇಗ ಹಾಳಾಗದು. ಆದರೆ ಹೋಗುವಾಗ ಎಷ್ಟೋ ಸಲ ಟಿಕ್ ಅನ್ನುವ ಸೂಚನೆಯನ್ನೂ ಕೊಡುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕಂಪ್ಯೂಟರಿಗೆ ಅದು ಕಾಣಿಸುವುದೇ ಇಲ್ಲ.

ಬ್ಯಾಕಪ್‌ಗೆ, ಅಂದರೆ ಹೆಚ್ಚುವರಿ ಪ್ರತಿ ಇಟ್ಟುಕೊಳ್ಳುವುದಕ್ಕೆ, 3-2-1 ಅನ್ನುವ ಲೆಕ್ಕವನ್ನು ಜನರಿಗೆ ಪರಿಚಯಿಸಿದ್ದು ನಿನ್ನಂತೆಯೇ ಒಬ್ಬ ಫೋಟೋಗ್ರಾಫರ್, ಅಮೆರಿಕದ ಪೀಟರ್ ಕ್ರೋಗ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಈ ಬೇರೆ ಜಾಗ ಅನ್ನುವುದನ್ನು ಹಗುರವಾಗಿ ತಗೋಬೇಡ. ಮುಂಗಾರಿಗೆ ಮುಂಚಿನ ಸಿಡಿಲು ನಿಮ್ಮ ಬೀದಿಯ ಎಷ್ಟು ಟಿವಿಗಳನ್ನು ಸುಟ್ಟಿದೆ, ನೆನಪಿದೆಯಾ? ಕಂಪ್ಯೂಟರಿಗೆ ಎರಡೂ ಡಿಸ್ಕ್ ಚುಚ್ಚಿಯೇ ಇಟ್ಟಿದ್ದರೆ ಒಂದೇ ಸಿಡಿಲಿಗೆ ಎರಡೂ ಹೋಗಬಹುದು. ಒಂದನ್ನು ಅಕ್ಕನ ಮನೆಯ ಬೀರುವಿನಲ್ಲಿ ಇಡು. ತಿಂಗಳಿಗೊಮ್ಮೆ ತಂದು ಹೊಸದನ್ನು ಸೇರಿಸು.

ಇನ್ನೊಂದು. ಕಾಪಿ ಆಯಿತು ಅಂತ ಸುಮ್ನೆ ನಂಬಬೇಡ, ಫೋಟೋ ತೆರೆದು ನೋಡು. 2017ರಲ್ಲಿ, ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್‌ಗೆ ಅಂತ ಐದು ದಾರಿ ಮಾಡಿಕೊಂಡಿದ್ದರೂ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂದು ಕಂಪನಿಯವರೇ ಹೇಳಿಕೊಂಡರು. ಅದೃಷ್ಟಕ್ಕೆ ಸುಮಾರು ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ಹತ್ತಿರ ಒಂದು ಖಾಲಿ 4 ಟಿಬಿ ಡಿಸ್ಕ್ ಇದೆ, ತರುತ್ತೇನೆ. ಕಾಪಿ ಆಗಲು ಇಡೀ ದಿನ ಹಿಡಿಯಬಹುದು, ಊಟ ನಿಮ್ಮ ಮನೆಯಲ್ಲೇ. ಅಲ್ಲಿಯವರೆಗೆ ಆ ಡಿಸ್ಕನ್ನು ಮೇಜಿನ ಅಂಚಿನಲ್ಲಿ ಇಡಬೇಡ.

ನಿನ್ನ ಗೆಳೆಯ