ಯಾವ ಮುಖ ಇಟ್ಕೊಂಡು ಬರ್ಲಿ ಅಂದ್ಯಲ್ಲ, ಅದಕ್ಕೇ ಬರೀತಿದೀನಿ

ಪುಟ್ಟಾ, ಆಶೀರ್ವಾದಗಳು.

ನಿನ್ನ ಮೇಲ್ ಬಂದು ನಾಲ್ಕು ದಿನ ಆಯ್ತು. ಮನೆ ಸಮಾಚಾರ ಎಲ್ಲಾ ನಿಮ್ಮಮ್ಮ ಫೋನಲ್ಲಿ ಹೇಳ್ತಾನೇ ಇರ್ತಾಳೆ, ಅದನ್ನ ನಾನು ಮತ್ತೆ ಬರ್ಯಲ್ಲ. ಪಿಎಚ್‌ಡಿ ಕ್ವಾಲಿಫೈಯರ್ ಪರೀಕ್ಷೆ ಹೋಯ್ತು ಅಂತ ಓದಿ ಬೇಜಾರಾಯ್ತು ನಿಜ, ಆದ್ರೆ ನಿದ್ದೆ ಕೆಡ್ಸಿದ್ದು ನೀನು ಕೊನೇಲಿ ಹಾಕಿರೋ ಒಂದೇ ಒಂದು ಸಾಲು. "ತಂಗಿ ಮದ್ವೆಗೆ ಯಾವ ಮುಖ ಇಟ್ಕೊಂಡು ಬರ್ಲಿ ಮಾವ, ಟಿಕೆಟ್ ರೇಟ್ ಜಾಸ್ತಿ ಅಂತ ಅಮ್ಮಂಗೆ ಹೇಳ್ಬಿಡಿ" ಅಂತ. ನಾನು ಇನ್ನೂ ಹೇಳಿಲ್ಲ ಕಣೋ. ಹೇಳೋಕೆ ಬಾಯಿ ಬರ್ತಿಲ್ಲ. ಅದ್ರ ಮೇಲಿನ ಸಾಲಲ್ಲಿ ಬಾಸ್ಕೆಟ್‌ಬಾಲ್ ನೋಡೋಕೂ ಹೋಗ್ತಿಲ್ಲ, ಅಲ್ಲಿ ಲ್ಯಾಬಿನವರೆಲ್ಲ ಸಿಗ್ತಾರೆ ಅಂತ ಬರ್ದಿದೀಯ. ಎರಡೂ ಒಂದೇ ಕಾಯಿಲೆ ಅನ್ಸುತ್ತೆ ನಂಗೆ.

ಹೋದ ವರ್ಷ ಚಳಿಗಾಲದಲ್ಲಿ ನೀನು ಬರ್ದಿದ್ದು ಹೇಗಿತ್ತು! ನಿಮ್ಮ ಕ್ಯಾನ್ಸಸ್ ಯೂನಿವರ್ಸಿಟಿ ಬಾಸ್ಕೆಟ್‌ಬಾಲ್ ಸ್ಟೇಡಿಯಂ ಅಲೆನ್ ಫೀಲ್ಡ್‌ಹೌಸ್ ಒಳಗೆ ಒಳ್ಳೆ ಸೀಟಿಗೋಸ್ಕರ ಸ್ನೇಹಿತರ ಜೊತೆ ಸರದಿ ಮೇಲೆ ಕ್ಯಾಂಪ್ ಮಾಡಿದ್ದು, ಎದುರಾಳಿ ಟೀಮಿನವರ ಹೆಸ್ರು ಕರೆಯೋವಾಗ ಹುಡುಗ್ರೆಲ್ಲ ಪೇಪರ್ ಬಿಚ್ಚಿ ಮುಖಕ್ಕೆ ಅಡ್ಡ ಹಿಡ್ಕೊಂಡು ಓದೋ ಥರ ನಿಲ್ಲೋದು, ಆಮೇಲೆ ಅದನ್ನೇ ಚೂರು ಮಾಡಿ ಮೇಲಕ್ಕೆ ತೂರೋದು. ಗೆದ್ದಾಗ ಹದಿನೈದು ಸಾವಿರ ಜನ ಕೈ ಎತ್ತಿ ಗೋಧಿ ಹೊಲದ ಥರ ಆ ಕಡೆ ಈ ಕಡೆ ಆಡಿಸ್ತಾರೆ ಮಾವ, ನಮ್ಮ ಗದ್ದೆ ಬಯಲಲ್ಲಿ ಗಾಳಿ ಬೀಸಿದ ಹಾಗೇ ಕಾಣುತ್ತೆ ಅಂದಿದ್ದೆ. ಅದನ್ನ ನಿಮ್ಮತ್ತೆಗೂ ಓದಿ ಹೇಳಿದ್ದೆ. ಅವತ್ತಿಂದ ನಂಗೂ ಹುಚ್ಚು ಹಿಡೀತು. ರಿಟೈರ್ ಆದವನಿಗೆ ಬೇರೆ ಏನ್ ಕೆಲ್ಸ, ಹಳೇ ಮ್ಯಾಚೆಲ್ಲ ಯೂಟ್ಯೂಬಲ್ಲಿ ಹುಡುಕಿ ಹುಡುಕಿ ನೋಡ್ತೀನಿ, ಸಿಕ್ಕಿದ್ದೆಲ್ಲ ಓದ್ತೀನಿ. ಅದಕ್ಕೇ ನಿನ್ ಯೂನಿವರ್ಸಿಟಿ ಕಥೇನ ನಿಂಗೇ ಹೇಳೋ ಧೈರ್ಯ ಮಾಡ್ತಿದೀನಿ, ತಪ್ಪು ತಿಳ್ಕೋಬೇಡ.

ವಿಲ್ಟ್ ಚೇಂಬರ್ಲಿನ್ ವಿಷ್ಯ. ಅವ್ನ ಹೆಸ್ರು ನಾವೂ ಕಾಲೇಜಲ್ಲೇ ಕೇಳಿದ್ವಿ, ಒಂದೇ ಮ್ಯಾಚಲ್ಲಿ ನೂರು ಪಾಯಿಂಟ್ ಹೊಡೆದವನು ಅಂತ. ಅವ್ನು ಕ್ಯಾನ್ಸಸ್‌ನಲ್ಲಿ ಓದಿದ್ದ ಅಂತ ನೀನು ಅಲ್ಲಿಗೆ ಹೋದ್ಮೇಲೇ ಗೊತ್ತಾಗಿದ್ದು. 1955ರಲ್ಲಿ ಫಿಲಡೆಲ್ಫಿಯಾದಿಂದ ಬಂದ. ಆಗ ಮೊದಲ ವರ್ಷದವರನ್ನ ಮೇನ್ ಟೀಮಿಗೆ ಸೇರಿಸ್ತಿರ್ಲಿಲ್ಲ, ಆದ್ರೆ ಆ ಫ್ರೆಶರ್ ಹುಡುಗ್ರೇ ಸೇರ್ಕೊಂಡು ಮೇನ್ ಟೀಮನ್ನ 81-71ಕ್ಕೆ ಸೋಲಿಸಿದ್ರಂತೆ, ಅದ್ರಲ್ಲಿ ಅವನದೇ 42. ಅಂಥವನ ಮೇಲೆ ಊರೆಲ್ಲ ಎಷ್ಟು ಆಸೆ ಇಟ್ಟಿರ್ಬೇಡ, ಯೋಚ್ನೆ ಮಾಡು. 1957ರ ರಾಷ್ಟ್ರೀಯ ಕಾಲೇಜು ಟೂರ್ನಮೆಂಟ್ ಫೈನಲ್ ನಿಮ್ಮ ಲಾರೆನ್ಸ್‌ ಪಕ್ಕದ ಕ್ಯಾನ್ಸಸ್ ಸಿಟೀಲೇ ನಡೀತು, ಎದುರಿಗೆ ನಾರ್ತ್ ಕೆರೊಲಿನಾ. ಮೂರು ಓವರ್‌ಟೈಮ್. 54-53, ಒಂದೇ ಒಂದು ಪಾಯಿಂಟಲ್ಲಿ ಹೋಯ್ತು. ಕೊನೇ ಪಾಸ್ ಅವನಿಗೇ ಬರ್ಬೇಕಿತ್ತು, ಮಧ್ಯದಲ್ಲೇ ಎದುರಾಳಿ ಕೈ ಅಡ್ಡ ಬಂತು. ಸೋತ ಟೀಮಲ್ಲಿದ್ರೂ ಟೂರ್ನಮೆಂಟಿನ ಬೆಸ್ಟ್ ಆಟಗಾರ ಅಂತ ಆರಿಸಿದ್ದು ಅವನನ್ನೇ. ಆದ್ರೂ ಯೂನಿವರ್ಸಿಟೀನ ನಾನೇ ಮುಳುಗಿಸ್ದೆ ಅನ್ನೋದು ಮನಸ್ಸಲ್ಲಿ ಕೂತ್ಬಿಡ್ತು. ಮುಂದಿನ ವರ್ಷ ಬಿಟ್ಟು ಹೋದ. ಹೊರಗೆ ಹೋಗಿ ಏನೇನೋ ಗೆದ್ದ, ಆದ್ರೆ ಆ ಊರಿಂದ ಮಾತ್ರ ದೂರಾನೇ ಉಳ್ಕೊಂಡ.

ಅವನ 13ನೇ ನಂಬರ್ ಜರ್ಸೀನ ಗೌರವಕ್ಕೆ ಅಂತ ಫೀಲ್ಡ್‌ಹೌಸಲ್ಲಿ ಮೇಲೆ ತೂಗುಹಾಕಿದ್ದು 1998ರ ಜನವರೀಲಿ. ಲೆಕ್ಕ ಹಾಕು, ನಲವತ್ತು ವರ್ಷ. ಕಾಲೇಜಿನ ಹಳೇ ಜಾಕೆಟ್ ಹಾಕ್ಕೊಂಡು ಬಂದಿದ್ದ, ಆ ವಿಡಿಯೋ ಇದೆ, ನೋಡು. ಅಷ್ಟೆತ್ತರದ ಮನುಷ್ಯ ಮೈಕ್ ಮುಂದೆ ನಿಂತು, ನಿಮ್ಮನ್ನೆಲ್ಲ ನಿರಾಸೆ ಮಾಡಿದ್ದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ, ಧ್ವನಿ ಕಟ್ಟುತ್ತೆ, ಮೇಲಿಂದ ಕೆಳಗಿನವರೆಗೂ ಜನ ಎದ್ದು ನಿಂತು ಚಪ್ಪಾಳೆ. ಆ ಸೋಲಾದಾಗ ಹುಟ್ಟೇ ಇರದಿದ್ದ ಹುಡುಗ್ರು ಕಣೋ ಅವ್ರು. ಯಾರ್ ಮನಸ್ಸಲ್ಲೂ ಕೋಪ ಇರ್ಲಿಲ್ಲ. ಇನ್ನೊಂದು ವರ್ಷ ಒಂಬತ್ತು ತಿಂಗಳಿಗೆ ತೀರ್ಕೊಂಡ.

ನಾನು ಆ ವಿಡಿಯೋ ಪೂರ್ತಿ ನೋಡೋಕೆ ಆಗ್ಲಿಲ್ಲ, ಮಧ್ಯದಲ್ಲಿ ನಿಲ್ಲಿಸಿ ಹೊರಗೆ ಹೋಗಿ ಕೂತೆ. ನಿಂಗೆ ಹೇಳಿಲ್ಲ, ನಿಮ್ಮಮ್ಮಂಗೂ ಪೂರ್ತಿ ಗೊತ್ತಿಲ್ಲ. ನಾನು ಮೈಸೂರು ಯೂನಿವರ್ಸಿಟಿಗೆ ಆಡಿದ್ದು ನಿಂಗೆ ಗೊತ್ತು, ಯಾಕೆ ಬಿಟ್ಟೆ ಅನ್ನೋದು ಗೊತ್ತಿಲ್ಲ. ಓದಿಗೋಸ್ಕರ ಬಿಟ್ಟೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ, ಸುಳ್ಳು ಅದು. ಇಂಟರ್ ಯೂನಿವರ್ಸಿಟಿ ಮ್ಯಾಚಿಗೆ ಬೇರೆ ಊರಿಗೆ ಹೋಗಿದ್ವಿ, ಒಂದು ಪಾಯಿಂಟ್ ಹಿಂದಿದ್ವಿ, ಟೈಮ್ ಮುಗ್ದೇ ಹೋಗಿತ್ತು ಅನ್ನೋವಾಗ ನನ್ ಮೇಲೆ ಫೌಲ್ ಆಯ್ತು. ಎರಡು ಫ್ರೀ ಥ್ರೋ, ಒಂದೊಂದಕ್ಕೂ ಒಂದು ಪಾಯಿಂಟ್. ಸಿಮೆಂಟ್ ಕೋರ್ಟು, ಸುಣ್ಣದಲ್ಲಿ ಎಳೆದ ಗೆರೆ, ಸಂಜೆ ಹೊತ್ತಿಗೆ ಅರ್ಧ ಅಳಿಸಿ ಹೋಗಿತ್ತು, ನನ್ನ ಶೂ ತುದೀಲಿ ಆ ಬಿಳಿ ಪುಡಿ ಅಂಟಿದ್ದು ಈಗ್ಲೂ ಕಣ್ಮುಂದೆ ಇದೆ. ಮೊದಲ್ನೇದು ರಿಂಗಿಗೆ ಬಡಿದು ಮುಂದಕ್ಕೇ ಬಂತು. ಎರಡನೇದು ರಿಂಗ್ ಸುತ್ತ ಒಂದ್ ಸುತ್ತು ಹಾಕಿ ಹೊರಗೆ ಬಿತ್ತು. ಯಾರೂ ಬೈಲಿಲ್ಲ. ವಾಪಸ್ ರೈಲಲ್ಲಿ ಕೋಚ್ ಸಾರ್ ತಮ್ಮ ಬುತ್ತಿಯಿಂದ ಎರಡು ಚಪಾತಿ ತೆಗೆದು ನನ್ ಕೈಗೆ ಇಟ್ರು, ನಾನು ಕಿಟಕಿ ಕಡೆ ಮುಖ ಮಾಡ್ಕೊಂಡೇ ತಿಂದೆ.

ಅವತ್ತಿಂದ ಗ್ರೌಂಡ್ ಕಡೆ ಹೋಗ್ಲಿಲ್ಲ. ಸರಸ್ವತಿಪುರಂನಿಂದ ಪೇಟೆಗೆ ಹೋಗೋವಾಗ ಆ ರಸ್ತೆ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಿದ್ದೆ, ಸಾರ್ ಕಂಡುಬಿಟ್ರೆ ಏನ್ ಹೇಳ್ಲಿ ಅಂತ. ಆಮೇಲೆ ಬ್ಯಾಂಕ್ ಕೆಲ್ಸ, ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್, ನೆಪ ಸಿಗ್ತಾನೇ ಇತ್ತು. ಸಾರ್ ತೀರ್ಕೊಂಡಿದ್ದು ಗೊತ್ತಾಗೋ ಹೊತ್ತಿಗೆ ವೈಕುಂಠ ಸಮಾರಾಧನೆನೂ ಮುಗಿದಿತ್ತು. ಟೀಮಲ್ಲಿದ್ದ ಒಬ್ಬ ಸ್ನೇಹಿತ ಸಿಕ್ಕಿ ಹೇಳಿದ, ಸಾರ್ ಯಾವಾಗ ಸಿಕ್ಕಿದ್ರೂ ನಿನ್ ವಿಷ್ಯ ಕೇಳೋರು, ಅವ್ನಿಗೆ ಮದ್ವೆ ಆಯ್ತೇನೋ, ಯಾವ ಊರಲ್ಲಿದಾನೋ ಅಂತ. ಮ್ಯಾಚ್ ವಿಷ್ಯ ಅಂದ್ರಾ ಅಂತ ಕೇಳ್ದೆ. ಅವನಿಗೆ ಯಾವ ಮ್ಯಾಚು ಅಂತಾನೇ ನೆನಪಿಲ್ಲ.

ಯೂನಿವರ್ಸಿಟಿ ಬ್ಲೇಜರ್ ಇನ್ನೂ ಬೀರುವಲ್ಲಿದೆ, ಎದೆ ಮೇಲೆ ಗಂಡಭೇರುಂಡ ಇರೋದು, ನಿಮ್ಮತ್ತೆ ವರ್ಷ ವರ್ಷ ನುಸಿಗುಳಿಗೆ ಹಾಕಿ ಇಡ್ತಾಳೆ. ಒಂದು ಸಲಾನೂ ಹಾಕ್ಕೊಂಡಿಲ್ಲ.

ಅದಕ್ಕೇ ಪುಟ್ಟಾ, ಆ ಸಾಲು ಓದಿದಾಗ ಎದೆ ಧಸಕ್ ಅಂತು. ಬರಲ್ಲ ಅಂತ ಒಂದು ಸಲ ತಪ್ಪಿಸ್ಕೊಂಡ್ರೆ ಎರಡನೇ ಸಲ ಇನ್ನೂ ಸುಲಭ ಆಗುತ್ತೆ, ಆಮೇಲೆ ಅದೇ ಅಭ್ಯಾಸ. ಪರೀಕ್ಷೆ ಹೋಗಿದ್ದಕ್ಕೆ ನಂಗೆ ಭಯ ಇಲ್ಲ, ನೀನು ಸುತ್ತು ರಸ್ತೆ ಹಿಡೀತಿದೀಯಲ್ಲ ಅದೇ ಭಯ.

ಏನ್ ಮಾಡ್ಬೇಕು ಅಂತ ಹೇಳೋ ಅಷ್ಟು ನಂಗೆ ಗೊತ್ತಿಲ್ಲ, ಪಿಎಚ್‌ಡಿ ಅಂದ್ರೆ ಏನು ಅಂತಾನೇ ಸರಿಯಾಗಿ ಗೊತ್ತಿಲ್ದೋನು ನಾನು. ಆದ್ರೂ, ನಿಮ್ಮ ಗೈಡ್ ಹತ್ರ ಹೋಗಿ ಎರಡನೇ ಸಲ ಕೂರೋಕೆ ಅವಕಾಶ ಇದ್ಯಾ ಅಂತ ಬಾಯಿಬಿಟ್ಟು ಕೇಳಿದ್ಯಾ? ಮೇಲ್ ಕಳ್ಸಿ ಕಾಯೋದಲ್ಲ, ಬಾಗಿಲು ತಟ್ಟಿ ಕೇಳೋದು. ವೀಸಾ ಸ್ಟಾಂಪಿಂಗಿಂದ ನಿಜವಾಗ್ಲೂ ತೊಂದ್ರೆ ಇದೆ ಅಂದ್ರೆ ಅದು ಬೇರೆ ಮಾತು, ಅಲ್ಲಿ ವಿದೇಶಿ ವಿದ್ಯಾರ್ಥಿಗಳ ಆಫೀಸಲ್ಲಿ ವಿಚಾರಿಸು, ಅವ್ರು ಬೇಡ ಅಂದ್ರೆ ನಾನೇ ನಿಮ್ಮಮ್ಮಂಗೆ ಕೂರಿಸಿ ಹೇಳ್ತೀನಿ. ಟಿಕೆಟ್ ದುಡ್ಡು ನಂದು, ಅದನ್ನ ನೆಪ ಮಾಡೋಕೆ ಬಿಡಲ್ಲ. ಮದ್ವೆ ಮನೇಲಿ ಯಾರಾದ್ರೂ ಕೇಳಿದ್ರೆ, ಕೇಳೇ ಕೇಳ್ತಾರೆ, ಒಂದು ಪರೀಕ್ಷೆ ಆಗ್ಲಿಲ್ಲ ಮತ್ತೆ ಕಟ್ತೀನಿ ಅನ್ನು, ಅಷ್ಟೇ, ಅವ್ರು ಊಟದ ಪಂಕ್ತಿ ಕಡೆ ಹೋಗ್ಬಿಡ್ತಾರೆ.

ಇನ್ನೊಂದು. ನೀನು ಫೋಟೋ ಕಳ್ಸಿದ್ದೆ, ಗಾಜಿನ ಹಿಂದೆ ಎರಡು ಹಳೇ ಟೈಪ್ ಮಾಡಿದ ಹಾಳೆ, ನೈಸ್ಮಿತ್ 1891ರಲ್ಲಿ ಬರ್ದ ಹದಿಮೂರು ರೂಲ್ಸು. ಆಟಾನ ಹುಟ್ಟಿಸಿದ ಅವ್ರೇ 1898ರಲ್ಲಿ ಅಲ್ಲಿಗೆ ಬಂದು ಮೊದಲ ಕೋಚ್ ಆಗಿದ್ದು, ಲೆಕ್ಕ ನೋಡಿದ್ರೆ 55 ಗೆಲುವು, 60 ಸೋಲು. ಆಮೇಲೆ ಬಂದ ಯಾವ ಕೋಚಿಗೂ ಅಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇಲ್ವಂತೆ. ನೀವು ಹುಡುಗ್ರು ಕುಣಿಯೋ ಫೀಲ್ಡ್‌ಹೌಸಿನ ಕೋರ್ಟಿಗೆ ಅವ್ರ ಹೆಸ್ರೇ ಇಟ್ಟಿದಾರಲ್ಲ. ಇದನ್ನ ಯಾಕೆ ಬರ್ದೆ ಅಂದ್ರೆ ನಿನ್ ಫೋಟೋ ಇವತ್ತು ಮತ್ತೆ ನೋಡ್ದೆ, ಗಾಜಲ್ಲಿ ನಿನ್ ಮುಖಾನೂ ಮಸುಕಾಗಿ ಕಾಣುತ್ತೆ, ನಗ್ತಿದೀಯ.

ನಿಮ್ಮವ್ರು ಮೆಂಫಿಸ್ ಮೇಲೆ ಗೆದ್ದ 2008ರ ಫೈನಲ್ಲೂ ನೋಡ್ದೆ. ಎಲ್ರೂ ಕೊನೇ ಎರಡು ಸೆಕೆಂಡಲ್ಲಿ ನಿಮ್ಮ ಟೀಮಿನ ಚಾಮರ್ಸ್ ಹೊಡೆದ ತ್ರೀ ಪಾಯಿಂಟರ್ ನೋಡಿ ಖುಷಿ ಪಡ್ತಾರೆ. ಅದಕ್ಕೂ ಮುಂಚೆ ಮೆಂಫಿಸ್ ಹುಡುಗ್ರು ಒಂಬತ್ತು ಪಾಯಿಂಟ್ ಮುಂದಿದ್ದೋರು ಫ್ರೀ ಥ್ರೋ ಮಿಸ್ ಮಾಡ್ಕೊಂಡ್ರಲ್ಲ, ನನ್ ಕಣ್ಣು ಅಲ್ಲೇ ನಿಂತ್ಬಿಟ್ಟಿತ್ತು. ಆ ಮಕ್ಕಳು ಅವತ್ತು ರಾತ್ರಿ ಊಟ ಮಾಡಿದ್ರೋ ಇಲ್ವೋ.

ಸಾಕು, ತುಂಬಾ ಉದ್ದ ಆಯ್ತು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಮ್ಯಾಚ್ ಇದೆ, ನಮ್ಗೆ ರಾತ್ರಿ ಹನ್ನೆರಡೂವರೆ. ನಿನ್ ಟಿಕೆಟ್ ಯಾರಿಗೂ ಕೊಟ್ಟಿಲ್ಲ ತಾನೇ? ಹೋಗು. ಲ್ಯಾಬಿನವರು ಪಕ್ಕದಲ್ಲೇ ನಿಂತ್ರೂ ಹೋಗು. ನಿಮ್ಮ ಯೂನಿವರ್ಸಿಟಿ ಘೋಷಣೆ, ಆ ರಾಕ್ ಚಾಕ್ ಜೇಹಾಕ್ ಅಂತ ನಿಧಾನಕ್ಕೆ ರಾಗ ಎಳೀತಾರಲ್ಲ, ಅದು ಶುರುವಾದಾಗ ನಂಗೆ ಫೋನ್ ಹಚ್ಚು, ಮಾತಾಡೋದೇನೂ ಬೇಡ, ಫೋನ್ ಮೇಲೆತ್ತಿ ಹಿಡಿ. ನಾನು ಎದ್ದಿರ್ತೀನಿ.

ಇಂತಿ,
ನಿನ್ನ ಮಾವ