ಬೆನ್ನುಹುರಿಯ ಸಂಶೋಧನೆ ಹುಬ್ಬಳ್ಳಿ-ಧಾರವಾಡದಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಆರು ವರ್ಷದ ಹಿಂದೆ, ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ಹುಣಸೆಹಣ್ಣು ಬಡಿಯಲು ಗಿಡ ಹತ್ತಿದ್ದ ನನ್ನ ತಮ್ಮ ಕೆಳಗೆ ಬಿದ್ದ. ಎಚ್ಚರ ತಪ್ಪಿರಲಿಲ್ಲ. "ಅಣ್ಣಾ, ನನ್ನ ಕಾಲು ಎಲ್ಲಿ ಅದಾವೋ?" ಎಂದು ಕೇಳಿದ. ನಾವು ನಾಲ್ಕು ಜನ ಅವನ ಕೈಕಾಲು ಹಿಡಿದು ಎತ್ತಿ ಟಂಟಂನಲ್ಲಿ ಹಾಕಿಕೊಂಡು ಹೋದೆವು. ಬೆನ್ನಿಗೆ ಪೆಟ್ಟು ಬಿದ್ದವರನ್ನು ಹಾಗೆ ಎತ್ತಬಾರದು, ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು ಎಂದು ಆಮೇಲೆ ತಿಳಿಯಿತು. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಆಪರೇಷನ್ ಆಯಿತು, ಬೆನ್ನಿಗೆ ರಾಡು ಕೂರಿಸಿದರು. ಮೂಳೆ ಕೂಡಿತು, ಅದರೊಳಗಿನ ನರಗಳ ಹುರಿ ಕೂಡಲಿಲ್ಲ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಊರಲ್ಲಿ ಇದನ್ನೂ ಲಕ್ವಾ ಅಂತಾರೆ, ಲಕ್ವಾ ಔಷಧಿಗೆ ಕರೆದುಕೊಂಡು ಹೋಗಿ ಅಂತಾರೆ. ಲಕ್ವಾ ಮಿದುಳಿನಿಂದ ಬರುವುದು. ಇದು ಬೇರೆ. ಮಿದುಳು ಚೆನ್ನಾಗಿದೆ, ಕಾಲೂ ಚೆನ್ನಾಗಿದೆ, ನಡುವಿನ ದಾರಿ ಮಾತ್ರ ಕಡಿದಿದೆ.

ಇಂಥವರ ಮನೆಯ ದಿನಚರಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಹಾಸಿಗೆ ಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ನಮ್ಮ ತಾಯಿ ಅಲಾರಾಂ ಇಲ್ಲದೆ ಏಳುತ್ತಾರೆ. ದಿನಕ್ಕೆ ನಾಲ್ಕೈದು ಸಲ ಪೈಪು ಹಾಕಿ ಮೂತ್ರ ತೆಗೆಯಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ಸೋಂಕು, ಚಳಿಜ್ವರ. ತಮ್ಮ ಒಮ್ಮೆ ನನಗೆ ಹೇಳಿದ: "ನಡೆಯೋದು ಆಮ್ಯಾಲೆ ನೋಡೋಣಣ್ಣ, ಉಚ್ಚಿ ಬಂದದ್ದು ತಿಳಿದ್ರ ಸಾಕು." ಸಂಶೋಧನೆ ಅಂದರೆ ಎಲ್ಲರ ಕಣ್ಣ ಮುಂದೆ ಎದ್ದು ಓಡುವವರೇ ಬರುತ್ತಾರೆ. ಆದರೆ ಹಾಸಿಗೆಯಲ್ಲಿರುವವರಿಗೆ ಒಂದು ಬೆರಳು ಮಡಚುವುದು, ಮೂತ್ರದ ಹಿಡಿತ ಸಿಗುವುದು, ಇವೇ ಬದುಕನ್ನು ಬದಲಿಸುವ ಸಂಗತಿಗಳು.

ಎರಡನೇ ವರ್ಷ ಒಂದು ತಪ್ಪು ಮಾಡಿದೆವು. ದೂರದ ನಗರದ ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಕೊಟ್ಟರೆ ಆರು ತಿಂಗಳಲ್ಲಿ ನಿಲ್ಲುತ್ತಾನೆ ಎಂದರು. ಎರಡು ಎಕರೆ ಎರಿ ಹೊಲ ಮಾರಿ ಹಣ ಕಟ್ಟಿದೆವು. ಏನೂ ಆಗಲಿಲ್ಲ. ಆಮೇಲೆ ಓದಿ ತಿಳಿದೆ: ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಬೆನ್ನುಹುರಿಗೆ ಸ್ಟೆಮ್ ಸೆಲ್ ಇನ್ನೂ ಚಿಕಿತ್ಸೆ ಅಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಇದನ್ನು ನಮಗೆ ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ. ನಿಜವಾದ ಪ್ರಯೋಗ ಹತ್ತಿರದಲ್ಲಿ ನಡೆಯುತ್ತಿದ್ದರೆ ನಾವು ಅಲ್ಲಿಗೇ ಹೋಗುತ್ತಿದ್ದೆವು. ಆಸೆ ಇರುವ ಮನೆಗೆ ಆಸೆ ಮಾರುವವರು ಬಂದೇ ಬರುತ್ತಾರೆ.

ಹಾಗಂತ ದಾರಿಯೇ ಇಲ್ಲ ಎನ್ನಲು ನಾನು ತಯಾರಿಲ್ಲ. ಕೈಯ ನರ ಕತ್ತರಿಸಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ. ಬೆನ್ನುಹುರಿಯಲ್ಲಿ ಗಾಯದ ಕಲೆ ಅಡ್ಡ ಬರುತ್ತದೆ, ನರದ ಹೊದಿಕೆಯಲ್ಲಿರುವ ಕೆಲವು ಪ್ರೋಟೀನುಗಳೂ ಬೆಳವಣಿಗೆಯನ್ನು ತಡೆಯುತ್ತವೆ. ತಡೆ ಯಾವುದು ಅಂತ ಗೊತ್ತಾದ ಮೇಲೆ ತೆಗೆಯಲು ಹುಡುಕಬಹುದಲ್ವಾ? ಹುಡುಕುತ್ತಲೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೆಗೊರಿ ಕೂರ್ಟೀನ್ ಮತ್ತು ಜೋಸ್ಲಿನ್ ಬ್ಲೋಕ್ ಅವರ ತಂಡ ಹುರಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಕೆಲವರನ್ನು ನಡೆಸಿದ್ದು 2018ರಲ್ಲಿ ಪ್ರಕಟವಾಯಿತು. ಕುತ್ತಿಗೆಯ ಚರ್ಮದ ಮೇಲಿಂದಲೇ ವಿದ್ಯುತ್ ಕೊಡುವ ಒಂದು ಸಾಧನದ ಪ್ರಯೋಗ ಪೂರೈಸಿದ 60 ಜನರಲ್ಲಿ ಶೇ 72ರಷ್ಟು ಜನರ ಕೈಗೆ ಬಲವೂ ಬಂತು, ಕೆಲಸವೂ ಬಂತು. ಅಮೆರಿಕ 2024ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜಪಾನಿನ ಕೇಯೋ ವಿಶ್ವವಿದ್ಯಾಲಯ ನಾಲ್ಕು ಜನರಿಗೆ ಹೊಸ ಜೀವಕೋಶ ಹಾಕಿ ನೋಡಿದೆ, ಇಬ್ಬರಲ್ಲಿ ಸುಧಾರಣೆ ಕಂಡಿದೆ. ನಾಲ್ಕೇ ಜನರಿಂದ ಏನನ್ನೂ ತೀರ್ಮಾನ ಮಾಡಲಾಗದು. ಆದರೆ ಅವರು ಎಣಿಸಿ, ಅಳೆದು, ಆದದ್ದನ್ನೂ ಆಗದ್ದನ್ನೂ ಹೇಳುತ್ತಾರೆ. ನಮ್ಮಿಂದ ಹಣ ಪಡೆದವರು ಮತ್ತೆ ಒಂದು ಫೋನ್ ಸಹ ಮಾಡಲಿಲ್ಲ.

ಮೊದಲು ವೀಲ್‌ಚೇರ್, ಪಿಂಚಣಿ, ಫಿಸಿಯೋಥೆರಪಿ ಸರಿಯಾಗಿ ಸಿಗಲಿ, ಸಂಶೋಧನೆ ಶ್ರೀಮಂತ ದೇಶಗಳ ಕೆಲಸ ಎಂದು ಒಬ್ಬ ಅಧಿಕಾರಿ ನನಗೆ ಹೇಳಿದರು. ಅವೆಲ್ಲ ಬೇಕೇ ಬೇಕು. ಆದರೆ ಅಲ್ಲಿ ತಯಾರಾದ ಸಾಧನ ಇಲ್ಲಿಗೆ ಬರುವಾಗ ಅದರ ಬೆಲೆ ನಮಗೆ ಎಟುಕುತ್ತದೆಯೇ? ಗಿಡದಿಂದ, ಬಣವೆಯಿಂದ, ವಿದ್ಯುತ್ ಕಂಬದಿಂದ ಬಿದ್ದ, ಮಣ್ಣಿನ ಮನೆಯಲ್ಲಿ ಮಲಗಿರುವವನಿಗೆ ಒಗ್ಗುವಂಥದ್ದನ್ನು ಇಲ್ಲಿನವರೇ ಮಾಡಬೇಕು.

ನಮ್ಮಲ್ಲಿ ಜನ ಇಲ್ಲವೇ? ಹುಬ್ಬಳ್ಳಿಯ ಕಿಮ್ಸ್, ಈಗಿನ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಅಂದರೆ ಕೆಎಂಸಿಆರ್‌ಐ, ಹೆಸರಿನಲ್ಲೇ ಸಂಶೋಧನೆ ಎಂಬ ಮಾತನ್ನು ಇಟ್ಟುಕೊಂಡಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ, ಐಐಟಿ ಇದೆ. ಡಾಕ್ಟರು, ಎಂಜಿನಿಯರು ಒಂದೇ ಊರಿನಲ್ಲಿದ್ದಾರೆ. ಇವರು ಒಟ್ಟಿಗೆ ಕೂತು ಬೆನ್ನುಹುರಿಗೆಂದೇ ಒಂದು ಸಂಶೋಧನಾ ಘಟಕ ತೆರೆಯಲಿ, ಸರ್ಕಾರ ಅದಕ್ಕೆ ಹಣ ಇಡಲಿ. ಶುರುವಿಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಹೀಗೆ ಮಲಗಿರುವವರು ಎಷ್ಟು ಜನ, ಹೇಗೆ ಬಿದ್ದರು, ಈಗ ಹೇಗಿದ್ದಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಆಶಾ ಕಾರ್ಯಕರ್ತೆಯರಿಗೆ ಇಂಥ ಮನೆಗಳೆಲ್ಲ ಗೊತ್ತು.

ಸೆಪ್ಟೆಂಬರ್ 5 ನಮಗೆಲ್ಲ ಶಿಕ್ಷಕರ ದಿನ. ಅಂದೇ ವಿಶ್ವ ಬೆನ್ನುಹುರಿ ಗಾಯ ದಿನವೂ ಹೌದು. ಅಂದು ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಕೊಡಿ. ಬಿದ್ದವರನ್ನು ಎತ್ತುವುದು ಹೇಗೆ, ದೇಶದ ನೋಂದಣಿ ಪಟ್ಟಿಯಲ್ಲಿರುವ ನಿಜವಾದ ಪ್ರಯೋಗ ಯಾವುದು, ದುಡ್ಡು ಕೇಳಿದರೆ ಯಾಕೆ ಎದ್ದು ಬರಬೇಕು ಎಂಬುದನ್ನು ತಿಳಿದ ಡಾಕ್ಟರೊಬ್ಬರಿಂದ ಕನ್ನಡದಲ್ಲಿ ಬರೆಸಿ. ಇನ್ನೊಂದು ಮನೆಯವರು ಹೊಲ ಮಾರುವ ಮೊದಲು ಅದು ಅವರ ಕೈ ಸೇರಬೇಕು.

ಇಂತಿ,
ಓದುಗ, ರೋಣ ತಾಲ್ಲೂಕು, ಗದಗ ಜಿಲ್ಲೆ