ಮನೆ ಮಾರಬೇಡಿ ಅಪ್ಪ

ಸಿಂಗಪುರ, ಭಾನುವಾರ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕಾಗದ ಗುರುವಾರ ಬಂತು.

ಅಮ್ಮ ಯುಗಾದಿಯಿಂದ ಕೆಳಗೇ ಇಳಿದಿಲ್ಲ ಅಂತ ಬರೆದಿದ್ದೀರಿ. ಫೋನಿನಲ್ಲಿ ಕೇಳಿದಾಗಲೆಲ್ಲ "ಮಂಡಿ ಚೆನ್ನಾಗಿದೆ ಕಣೇ" ಅನ್ನುತ್ತಿದ್ದಳು. ಬುಟ್ಟಿಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಸೊಪ್ಪು ಎಳೆದುಕೊಳ್ಳುತ್ತಾಳೆ ಅಂತ ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಮನೆ ಮಾರುವ ಮಾತು ಬೇಡ ಅಪ್ಪ. ಎದುರು ಮನೆ ಶಾಂತಕ್ಕನನ್ನು ಬಿಟ್ಟು ಅಮ್ಮ ಎಲ್ಲಿರುತ್ತಾಳೆ?

ಹಳೇ ಕಟ್ಟಡಕ್ಕೆ ಲಿಫ್ಟ್ ಕೂರಿಸುವುದಕ್ಕೆ ಆಗುವುದಿಲ್ಲ ಅಂದರಂತೆ ಕೆಳಗಿನ ಮನೆ ರಾಯರು. ಆಗುತ್ತದೆ. ನಾವಿರುವ ಬ್ಲಾಕನ್ನೇ ನೋಡಿ. ಇಲ್ಲಿ ಸರ್ಕಾರ ಕಟ್ಟಿಸಿದ ಹಳೇ ಬ್ಲಾಕುಗಳಲ್ಲಿ ಲಿಫ್ಟ್ ಎಲ್ಲ ಮಹಡಿಗೂ ನಿಲ್ಲುತ್ತಿರಲಿಲ್ಲ. ನಮ್ಮದರಲ್ಲಿ 1, 5, 9 ಅಷ್ಟೇ. ಪಕ್ಕದ ಮನೆ ಚೀನೀ ಅಜ್ಜಿ 5ಕ್ಕೆ ಹೋಗಿ, ತರಕಾರಿ ಗಾಡಿ ಹಿಡಿದುಕೊಂಡು ಎರಡು ಮಹಡಿ ಇಳಿದು ಮನೆ ಸೇರುತ್ತಿದ್ದರಂತೆ. 2001ರಲ್ಲಿ ಇದಕ್ಕೆಂದೇ ಯೋಜನೆ ತಂದರು. ಪ್ರತಿ ಬ್ಲಾಕಿನಲ್ಲೂ ಓಟು ಹಾಕಿಸಿ, ನೂರಕ್ಕೆ 75 ಮನೆಯವರು ಹೂಂ ಅಂದರೆ ಮಾತ್ರ ಕೆಲಸ. ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದೇ. ಹಳೇ ಗೋಡೆಗೆ ಅಂಟಿಕೊಂಡ ಹಾಗೆ ಹೊರಗಡೆ ಹೊಸ ಗೋಪುರ ಎಬ್ಬಿಸಿದ್ದಾರೆ. ಈಗ ಅಜ್ಜಿ ಬಾಗಿಲ ಪಕ್ಕದಲ್ಲೇ ಇಳಿಯುತ್ತಾರೆ. ನೋಡಿದಾಗಲೆಲ್ಲ ಅಮ್ಮ ನೆನಪಾಗುತ್ತಾಳೆ.

ನಮ್ಮ ಮೈಸೂರಿನ ಬಿಲ್ಡಿಂಗಿಗೂ ಹೊರಗಡೆಯೇ ಉಕ್ಕಿನ ಚೌಕಟ್ಟು ನಿಲ್ಲಿಸಬಹುದು. ಅದಕ್ಕೆ ಬೇರೆ ಪಾಯ ಇರುತ್ತದೆ, ಭಾರ ಹಳೇ ಗೋಡೆ ಮೇಲೆ ಬೀಳುವುದಿಲ್ಲ. ಆರು ಜನರ ಲಿಫ್ಟ್ ಅಂದರೆ 408 ಕೆಜಿ, ನಮಗೆ ಸಾಕು. ಕರೆಂಟ್ ಹೋದರೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಸಾಧನ ಹಾಕಿಸಲೇಬೇಕು.

ಒಂದು ವಿಷಯಕ್ಕೆ ಮಾತ್ರ ಒಪ್ಪಬೇಡಿ. ಕಂಟ್ರಾಕ್ಟರು ಮೆಟ್ಟಿಲು ತಿರುಗುವ ಜಾಗದ ಕಿಟಕಿ ಒಡೆದು ಅಲ್ಲಿಗೆ ಬಾಗಿಲು ಕೊಡುತ್ತೇನೆ, ಅಗ್ಗ ಆಗುತ್ತದೆ ಅಂದಿದ್ದಾನಲ್ಲ. ಹಾಗೆ ಮಾಡಿದರೆ ಮನೆ ಸೇರುವುದಕ್ಕೆ ಇನ್ನೂ ಒಂಬತ್ತು ಮೆಟ್ಟಿಲು ಉಳಿಯುತ್ತವೆ. ಅಮ್ಮನಿಗೆ ಆ ಒಂಬತ್ತೇ ಕಷ್ಟ, ಅಲ್ವಾ? ನಾಳೆ ಗಾಲಿ ಕುರ್ಚಿ ಬೇಕಾದರೆ ಏನು ಮಾಡುವುದು? ಪ್ಯಾಸೇಜಿನ ಜಾಲಿ ಗೋಡೆ ಒಡೆಯಲಿ, ಮನೆ ನೆಲದ ಮಟ್ಟಕ್ಕೇ ನಿಲ್ಲಿಸಲಿ. ಜಾಸ್ತಿ ಆಗುವ ದುಡ್ಡು ನಾನು ಕೊಡುತ್ತೇನೆ.

ರಾಯರ ಹತ್ತಿರ ಸಮಪಾಲು ಕೇಳಬೇಡಿ. ಕೆಳಗಿರುವವರಿಗೆ ಲಿಫ್ಟಿನಿಂದ ಏನೂ ಉಪಯೋಗವಿಲ್ಲ, ಮೇಲಾಗಿ ಅವರ ಕೋಣೆಗೆ ಬೆಳಕು ಕಮ್ಮಿಯಾಗುತ್ತದೆ. ಅವರ ಬೇಜಾರು ನ್ಯಾಯವೇ. ಆ ಕಡೆಗೆ ಗಾಜು ಹಾಕಿಸೋಣ. ಅವರಿಂದ ದುಡ್ಡು ಬೇಡ, ಸಹಿ ಸಾಕು ಅನ್ನಿ. ಮಹಡಿ ಏರಿದ ಹಾಗೆ ಪಾಲೂ ಏರಲಿ. ವಿದ್ಯುತ್ ಇನ್‌ಸ್ಪೆಕ್ಟರ ಕಚೇರಿಯ ಅನುಮತಿ ಸಿಗುವವರೆಗೂ ಗುಂಡಿ ತೋಡಿಸಬೇಡಿ.

ದುಡ್ಡಿನ ಯೋಚನೆ ಬೇಡ, ಖಂಡಿತ ಬೇಡ. ನಮಗೇನೂ ತೊಂದರೆಯಾಗುವುದಿಲ್ಲ, ಇವರೂ ಒಪ್ಪಿದ್ದಾರೆ. ಸುಮ್ನೆ ಹೇಳುತ್ತಿಲ್ಲ. ಅಲ್ಲಿಯವರೆಗೆ ಪ್ರತಿ ತಿರುವಿನಲ್ಲೂ ಒಂದೊಂದು ಸ್ಟೂಲ್ ಇಡಿಸಿ. ಅಮ್ಮನನ್ನು ಮೂಳೆ ಡಾಕ್ಟರಿಗೆ ಈ ವಾರವೇ ತೋರಿಸಿ.

ಪುಟ್ಟಿಯ ಈಜಿನ ಕ್ಲಾಸಿಗೆ ಹೊತ್ತಾಯಿತು, ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಡಾಕ್ಟರು ಏನಂದರು ಅಂತ ತಕ್ಷಣ ಬರೆಯಿರಿ.

ನಿಮ್ಮ ಮಗಳು